ಗುರುಗ್ರಹದ ಚಿತ್ರ ಪ್ರತ್ಯಕ್ಷವೇ?

ದೂರದರ್ಶಕದಲ್ಲಿ ಕಣ್ಣಿಡುವ ಮಸೂರವನ್ನು ತೆಗೆದು ಅದರ ಜಾಗದಲ್ಲಿ ಕಂಪ್ಯೂಟರಿನ ವೆಬ್‌ಕ್ಯಾಮನ್ನು ಕೂರಿಸಿ ಗ್ರಹಗಳ ಚಿತ್ರ ಪಡೆಯುವ ಹವ್ಯಾಸವು ಮೇಲ್ನೋಟಕ್ಕೆ ಕೇವಲ ಯಂತ್ರಕೌಶಲದ ಸಂಗತಿಯಾಗಿ ಕಂಡರೂ, ಆ ಚಿತ್ರ ಹುಟ್ಟುವ ಕ್ರಮವನ್ನು ಗಮನಿಸಿದಾಗ ಭಾರತೀಯ ದರ್ಶನಗಳು ಶತಮಾನಗಳಿಂದ ವಾದಿಸಿಕೊಂಡು ಬಂದ ಪ್ರಶ್ನೆಯೊಂದು ಅದರಲ್ಲಿ ಅಡಗಿರುವುದು ತಿಳಿಯುತ್ತದೆ: ಯಾವುದನ್ನು ಕಂಡದ್ದೆನ್ನಬೇಕು, ಯಾವುದನ್ನು ಊಹಿಸಿದ್ದೆನ್ನಬೇಕು?

ಪಶ್ಚಿಮ ಬೆಂಗಳೂರಿನ ಚಂದ್ರಾ ಲೇಔಟಿನಂಥ ಬಡಾವಣೆಯಲ್ಲಿ ಹಿತ್ತಿಲೆಂಬುದು ಇಲ್ಲವೆಂದೇ ಹೇಳಬೇಕು. ಮೂವತ್ತು–ನಲವತ್ತರ ಸೈಟುಗಳಲ್ಲಿ ಒತ್ತೊತ್ತಾಗಿ ಎದ್ದ ಮನೆಗಳಿಗೆ ಆಕಾಶವೆಂದರೆ ನೀರಿನ ಟ್ಯಾಂಕು ಮತ್ತು ಬಟ್ಟೆ ಒಣಹಾಕುವ ತಂತಿಗಳ ನಡುವೆ ಉಳಿದ ತಾರಸಿಯ ಜಾಗವೇ. ಬೀದಿದೀಪಗಳ ಬೆಳಕಿನಲ್ಲಿ ಮಂಕು ನಕ್ಷತ್ರಗಳು ಅಳಿಸಿಹೋಗುತ್ತವೆಯಾದರೂ ಗುರು, ಶನಿ, ಮಂಗಳಗಳ ಹೊಳಪಿಗೆ ಅದರಿಂದ ಹೆಚ್ಚೇನೂ ಕುಂದಿಲ್ಲ. ಊರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಗ್ರಹಗಳು ಅನೇಕ ವೇಳೆ ನೆತ್ತಿಯ ಸಮೀಪಕ್ಕೇ ಏರುತ್ತವೆ, ಹಾಗೆ ಏರಿದಾಗ ಅವುಗಳ ಬೆಳಕು ದಾಟಬೇಕಾದ ಗಾಳಿಯ ಪದರವೂ ತೆಳುವಾಗುತ್ತದೆ. ನಿಜವಾದ ತೊಡಕಿನ ಒಂದು ಪಾಲು ಕಾಲಡಿಯಲ್ಲೇ ಇದೆ. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ರಾತ್ರಿ ಬಹಳ ಹೊತ್ತು ಶಾಖವನ್ನು ಬಿಡುತ್ತಲೇ ಇರುವುದರಿಂದ, ಉರಿಯುವ ಒಲೆಯಾಚೆಗೆ ಕಾಣುವ ಗೋಡೆ ಅಲುಗಿದಂತೆ ಗ್ರಹದ ಬಿಂಬವೂ ನಲುಗುತ್ತದೆ. ಅದರ ಮೇಲಿನ ವಾತಾವರಣದ ಅಲೆಗಳು ಆ ನಲುಗುವಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ಗುರುವಿನ ಬಿಂಬ ಹುಣ್ಣಿಮೆಯ ಚಂದ್ರನ ಅಗಲದಲ್ಲಿ ನಲವತ್ತರ ಒಂದು ಪಾಲಿನಷ್ಟೇ ಇರುವಾಗ ಇಷ್ಟು ಅಲುಗಾಟವೂ ಅದರ ಪಟ್ಟೆಗಳನ್ನು ಕಲಸಿಬಿಡಲು ಸಾಕು.

ಆದರೆ ಗಾಳಿ ಸದಾ ಒಂದೇ ಬಗೆಯಲ್ಲಿ ಕದಡಿರುವುದಿಲ್ಲ. ನಡುನಡುವೆ ಕ್ಷಣದ ಒಂದು ಅಂಶದಷ್ಟು ಕಾಲ ಅದು ತಿಳಿಯಾಗುತ್ತದೆ. ಅಂಥ ಕ್ಷಣಗಳು ಎಷ್ಟು ಅಪರೂಪವೆಂಬುದನ್ನು ಡೇವಿಡ್ ಫ್ರೀಡ್ ಎಂಬ ಅಮೆರಿಕದ ವಿಜ್ಞಾನಿ 1978ರಲ್ಲಿ ಲೆಕ್ಕ ಹಾಕಿ ತೋರಿಸಿದ. ಸೆಕೆಂಡಿಗೆ 30 ಫ್ರೇಮುಗಳಂತೆ, ಅಂದರೆ 30 ಬಿಡಿ ಚಿತ್ರಗಳಂತೆ, ಎರಡು ನಿಮಿಷ ದಾಖಲಿಸುವ ವೆಬ್‌ಕ್ಯಾಮಿನ ಬಳಿ 3,600 ಫ್ರೇಮುಗಳು ಸೇರುತ್ತವೆ. ತಂತ್ರಾಂಶವು ಅವುಗಳಲ್ಲಿ ಚೂಪಾದವನ್ನಷ್ಟೇ, ಹತ್ತರಲ್ಲಿ ಒಂದೆಂದು ಹಿಡಿದರೆ 360ನ್ನು, ಆಯ್ದು ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆಯುತ್ತದೆ. ಹವ್ಯಾಸಿಗಳು ಸ್ಟ್ಯಾಕಿಂಗ್ ಎನ್ನುವುದು ಇದನ್ನೇ. ಕ್ಯಾಮೆರಾ ತಾನಾಗಿ ಸೇರಿಸುವ ಅಡ್ಡಾದಿಡ್ಡಿ ಚುಕ್ಕೆಗಳು ಫ್ರೇಮುಗಳ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ತಗ್ಗುವುದರಿಂದ 360 ಫ್ರೇಮುಗಳಲ್ಲಿ ಅವು ಹತ್ತೊಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತವೆ. ಎರಡೇ ನಿಮಿಷವೇಕೆಂದರೆ, ಗುರು ಹತ್ತು ಗಂಟೆಗೂ ಕಡಿಮೆ ಅವಧಿಯಲ್ಲಿ ತನ್ನನ್ನು ತಾನು ಸುತ್ತಿಬಿಡುವುದರಿಂದ ಅದಕ್ಕಿಂತ ಬಹಳ ಹೆಚ್ಚು ಕಾದರೆ ಅದರ ಮೇಲಿನ ಗುರುತುಗಳೇ ಜರುಗಿಬಿಡುತ್ತವೆ.

ಕೊನೆಗೆ ಕೈಗೆ ಬರುವ ಚಿತ್ರವು ಯಾವ ಒಂದು ಕ್ಷಣದ್ದೂ ಅಲ್ಲ. ಆ ಗುರುವನ್ನು ಆ ರೂಪದಲ್ಲಿ ಯಾವ ಕಣ್ಣೂ ಯಾವ ಹೊತ್ತಿನಲ್ಲೂ ಕಂಡಿಲ್ಲ. ಬೌದ್ಧ ತಾರ್ಕಿಕ ದಿಙ್ನಾಗನ ಮತದಲ್ಲಿ ಪ್ರತ್ಯಕ್ಷವೆಂದರೆ ಕಲ್ಪನೆ ಬೆರೆಯದ ಅರಿವು, ಮತ್ತು ಅದು ಮುಟ್ಟುವುದು ಕ್ಷಣದ ವಸ್ತುವನ್ನು ಮಾತ್ರ. ಆ ಅಳತೆಗೋಲಿಗೆ ಒಡ್ಡಿದರೆ ಒಂದೊಂದು ಬಿಡಿ ಫ್ರೇಮಿಗೆ ಏನಾದರೂ ಮಾನ್ಯತೆ ಸಿಕ್ಕೀತು, 360ರ ಮೊತ್ತವಂತೂ ಬುದ್ಧಿ ಕಟ್ಟಿದ ವಸ್ತುವೇ ಆಗುತ್ತದೆ. ಮಧ್ವಾಚಾರ್ಯರ ಪರಂಪರೆ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿಯುತ್ತದೆ. ಜಯತೀರ್ಥರ ‘ಪ್ರಮಾಣಪದ್ಧತಿ’ಯು ವಿವರಿಸುವಂತೆ ದೋಷವಿಲ್ಲದ ಇಂದ್ರಿಯವು ದೋಷವಿಲ್ಲದ ವಿಷಯದೊಡನೆ ಸೇರುವುದೇ ಪ್ರತ್ಯಕ್ಷ, ತೀರಾ ದೂರವಿರುವುದು, ತೀರಾ ಸಣ್ಣದಾಗಿರುವುದು, ನಡುವೆ ಮರೆಯಿರುವುದು ವಿಷಯದ ಕಡೆಯ ದೋಷಗಳು. ಇಲ್ಲಿ ಒತ್ತು ಬೀಳುವುದು ಅರಿವು ಎಷ್ಟು ಹೊತ್ತಿನದು ಎಂಬುದರ ಮೇಲಲ್ಲ, ದೋಷ ಕಳೆದಿದೆಯೇ ಎಂಬುದರ ಮೇಲೆ. ಈ ನೋಟದಿಂದ ಸ್ಟ್ಯಾಕಿಂಗ್ ಚಿತ್ರಕ್ಕೆ ಏನನ್ನೂ ಕೂಡಿಸುವ ಕ್ರಿಯೆಯಲ್ಲ, ಗಾಳಿಯೂ ಯಂತ್ರವೂ ಕೂಡಿಸಿದ್ದನ್ನು ಕಳೆಯುವ ಕ್ರಿಯೆ; ಅಕ್ಕಿಯಿಂದ ಕಲ್ಲು ಆರಿಸಿದವರನ್ನು ಅಕ್ಕಿ ಬೆಳೆದವರೆಂದು ಯಾರೂ ಕರೆಯುವುದಿಲ್ಲ.

ಹೋಲಿಕೆ ಇಷ್ಟಕ್ಕೇ ನಿಲ್ಲಬೇಕು, ಏಕೆಂದರೆ ಸರಾಸರಿಯ ನಂತರ ಹವ್ಯಾಸಿಯು ಚಿತ್ರದ ಅಂಚುಗಳನ್ನು ಚೂಪುಗೊಳಿಸಲು ತೊಡಗುತ್ತಾನೆ, ಮತ್ತು ಆ ಕೆಲಸ ಒಂದು ಮಿತಿ ದಾಟಿದರೆ ಬಿಂಬದಲ್ಲಿ ಇಲ್ಲದ ಗೆರೆಗಳೂ ಮೂಡುತ್ತವೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಹೇಳುವುದು ಯಂತ್ರವಲ್ಲ; ಗುರು ಹೀಗಿರಬೇಕೆಂದು ಈಗಾಗಲೇ ನಂಬಿರುವ ಮನಸ್ಸು. ಇಟಲಿಯ ಸ್ಕಿಯಾಪರೆಲ್ಲಿ 1877ರಲ್ಲಿ ಮಂಗಳದ ಮೇಲೆ ಗುರುತಿಸಿದ ಗೆರೆಗಳು ಪರ್ಸಿವಲ್ ಲೊವೆಲ್ಲನ ಬರಹಗಳಲ್ಲಿ ಜೀವಿಗಳು ತೋಡಿದ ಕಾಲುವೆಗಳಾಗಿ ಬೆಳೆದದ್ದು ಕ್ಯಾಮೆರಾದ ತಪ್ಪಿನಿಂದಲ್ಲ. ಗಾಳಿ ತಿಳಿಯಾಗುವ ಕ್ಷಣಕ್ಕಾಗಿ ಕಾದು ಕಂಡದ್ದನ್ನು ಮನಸ್ಸಿನಲ್ಲೇ ಜೋಡಿಸಿ ಬರೆದುಕೊಂಡ ನುರಿತ ಕಣ್ಣುಗಳೇ ಹಾಗೆ ಮೋಸಹೋದವು. ಫ್ರೇಮುಗಳನ್ನು ಆಯುವ ಕೆಲಸ ವೆಬ್‌ಕ್ಯಾಮಿಗಿಂತ ಹಳೆಯದು.

ಕಂಡದ್ದು ಸರಿಯಿದ್ದೂ ಊಹೆ ತಪ್ಪಬಹುದೆಂಬುದಕ್ಕೆ ನಿದರ್ಶನ ಹತ್ತಿರದಲ್ಲೇ ಇದೆ. 1977ರ ಮಾರ್ಚ್ 10ರಂದು ಯುರೇನಸ್ ಗ್ರಹವು ನಕ್ಷತ್ರವೊಂದರ ಮುಂದೆ ಹಾದುಹೋಗುವುದನ್ನು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸಿನ ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಕಾವಲೂರಿನ ಒಂದು ಮೀಟರ್ ದೂರದರ್ಶಕದಿಂದ ದಾಖಲಿಸಿದಾಗ, ನಕ್ಷತ್ರವು ಗ್ರಹಬಿಂಬದ ಹೊರಗಿರುವಾಗಲೇ ಅದರ ಬೆಳಕು ಕ್ಷಣಕಾಲ ಕುಗ್ಗಿತು. ಅವರು ಅದನ್ನು ಹೊಸ ಉಪಗ್ರಹದ ಗುರುತೆಂದು ಅರ್ಥೈಸಿದರು. ಬೇರೆ ಕಡೆಗಳಿಂದ ಅದೇ ಘಟನೆಯನ್ನು ನೋಡಿದವರ ದಾಖಲೆಗಳೊಡನೆ ಇಟ್ಟು ನೋಡಿದಾಗ ಅದು ಯುರೇನಸ್ಸಿನ ಉಂಗುರಗಳ ಕೆಲಸವೆಂದು ತಿಳಿಯಿತು. ಕುಗ್ಗಿದ ಬೆಳಕು ಎರಡೂ ಸಲ ಅದೇ ಆಗಿತ್ತು. ಜ್ಞಾನದ ಪ್ರಾಮಾಣ್ಯವು, ಅಂದರೆ ಅದು ನಿಜವೆಂಬುದು, ಅದು ಫಲಿಸಿದ ಮೇಲೆ ಹೊರಗಿನಿಂದ ತಿಳಿಯುವಂಥದ್ದೆಂಬ ನ್ಯಾಯದರ್ಶನದವರ ವಾದ ಇಲ್ಲಿ ಹೆಚ್ಚು ಹೊಂದುತ್ತದೆ: ತಾರಸಿಯ ಚಿತ್ರದಲ್ಲಿ ಗುರುವಿನ ಮೇಲೆ ಕಾಣುವ ಕರಿ ಚುಕ್ಕೆ ಅದರ ಚಂದ್ರನೊಂದರ ನೆರಳೋ, ಚೂಪುಗೊಳಿಸಿದ್ದರ ಫಲವೋ ಎಂಬುದು ಗಣಿತ ಹೇಳಿದ ನಿಮಿಷಕ್ಕೆ ಅದು ಅಂಚು ಮುಟ್ಟಿತೇ ಎಂಬುದರಿಂದ ತೀರ್ಮಾನವಾಗುತ್ತದೆ.

ಗುಡಿಗಳ ನವಗ್ರಹ ಮಂಟಪದಲ್ಲಿ ಗುರುವಾರ ಕಡಲೆಯ ಹಾರ ಪಡೆಯುವ ಗುರು ಮತ್ತು ಶನಿವಾರ ಎಳ್ಳೆಣ್ಣೆಯ ದೀಪ ಪಡೆಯುವ ಶನಿ ಈ ಚರ್ಚೆಯಿಂದ ಕದಲುವುದಿಲ್ಲ, ಕದಲಬೇಕಾಗಿಯೂ ಇಲ್ಲ. ಭಕ್ತನು ಅಲ್ಲಿ ಪಟ್ಟೆಗಳನ್ನೋ ಬಳೆಗಳನ್ನೋ ಹುಡುಕಿ ಹೋದವನಲ್ಲ. ಆ ಒಂಬತ್ತರಲ್ಲಿ ವೆಬ್‌ಕ್ಯಾಮಿಗೆ ಸಿಗುವುದು ಏಳು ಮಾತ್ರ, ಏಕೆಂದರೆ ರಾಹು ಮತ್ತು ಕೇತುಗಳು ಚಂದ್ರನ ದಾರಿಯು ಸೂರ್ಯನ ದಾರಿಯನ್ನು ಕತ್ತರಿಸುವ ಎರಡು ಬಿಂದುಗಳು, ಅಲ್ಲಿ ಬೆಳಕು ಬೀರುವ ವಸ್ತುವೇನೂ ಇಲ್ಲ. ಭಾರತದಾದ್ಯಂತ ಕಾಣಬಹುದಾಗಿದ್ದ 2025ರ ಸೆಪ್ಟೆಂಬರ್ 7ರ ಪೂರ್ಣ ಚಂದ್ರಗ್ರಹಣವನ್ನು ಪಂಚಾಂಗಗಳು ರಾಹುಗ್ರಸ್ತವೆಂದು ಬರೆದವು. ಅಂಥ ರಾತ್ರಿಯ ಚಿತ್ರದಲ್ಲಿ ಚಂದ್ರನ ಮೇಲೆ ಸರಿಯುವ ಕಪ್ಪು ಪ್ರತ್ಯಕ್ಷ, ಅದು ಭೂಮಿಯ ನೆರಳೆಂಬುದು ಆರ್ಯಭಟನ ಕಾಲದಿಂದಲೂ ಬಂದ ಅನುಮಾನ, ಅಂದರೆ ತರ್ಕದ ಊಹೆ; ಅದಕ್ಕೆ ರಾಹುವೆಂಬ ಹೆಸರು ಆಗಮದ್ದು, ಅಂದರೆ ಶಾಸ್ತ್ರವಚನದ್ದು. ಅರಿವಿನ ಸಾಧನಗಳೆಂದು ಮಧ್ವಮತ ಒಪ್ಪುವ ಈ ಮೂರು ಪ್ರಮಾಣಗಳೂ ಆ ಒಂದೇ ಫ್ರೇಮಿನಲ್ಲಿವೆ, ಆದರೆ ಕ್ಯಾಮೆರಾ ತೆಗೆದದ್ದು ಅವುಗಳಲ್ಲಿ ಮೊದಲನೆಯದನ್ನು ಮಾತ್ರ.