ಅಸ್ತೇಯವ್ರತ ಮತ್ತು ವ್ಯಾಪಾರಧರ್ಮ

ಮನೆಗೆ ನುಗ್ಗಿ ಕದಿಯುವವನನ್ನು ಕಳ್ಳನೆನ್ನುವ ಲೋಕವು ತೂಕದಲ್ಲಿ ವಂಚಿಸುವವನನ್ನು ಹಾಗೆ ಕರೆಯಲು ಹಿಂಜರಿದು, ಅವನ ನಡತೆಯನ್ನು ಹಲವು ವೇಳೆ ವ್ಯವಹಾರಚಾತುರ್ಯವೆಂದು ಮನ್ನಿಸುತ್ತದೆ. ಜೈನದರ್ಶನವು ಈ ರಿಯಾಯಿತಿಯನ್ನು ಒಪ್ಪುವುದಿಲ್ಲ. ದಿಗಂಬರರು ಉಮಾಸ್ವಾಮಿಯೆಂದೂ ಶ್ವೇತಾಂಬರರು ಉಮಾಸ್ವಾತಿಯೆಂದೂ ಕರೆಯುವ ಆಚಾರ್ಯರ ತತ್ತ್ವಾರ್ಥಸೂತ್ರವು ತನ್ನ 7ನೆಯ ಅಧ್ಯಾಯದಲ್ಲಿ ಗೃಹಸ್ಥರ ಅಣುವ್ರತಗಳನ್ನು, ಎಂದರೆ ಮುನಿಗಳ ಮಹಾವ್ರತಗಳಿಗೆ ಪ್ರತಿಯಾಗಿ ಸಂಸಾರಿಗಳು ಪರಿಮಿತವಾಗಿ ಪಾಲಿಸುವ ವ್ರತಗಳನ್ನು ನಿರೂಪಿಸುವಾಗ, ವ್ಯಾಪಾರದ ವಂಚನೆಗಳನ್ನು ಅಸ್ತೇಯದ, ಅಂದರೆ ಕದಿಯದಿರುವ ವ್ರತದ, ಅಡಿಯಲ್ಲಿಯೇ ಇರಿಸುತ್ತದೆ.

ಈ ವ್ರತಕ್ಕೆ ಸೂತ್ರಕಾರರು ಐದು ಅತಿಚಾರಗಳನ್ನು ಹೇಳುತ್ತಾರೆ. ವ್ರತವು ಪೂರ್ತಿಯಾಗಿ ಮುರಿಯದಿದ್ದರೂ ಅದನ್ನು ಮಲಿನಗೊಳಿಸುವ ದೋಷಕ್ಕೆ ಅತಿಚಾರವೆಂದು ಹೆಸರು. ಕದಿಯಲು ಇನ್ನೊಬ್ಬನನ್ನು ಪ್ರೇರೇಪಿಸುವುದು, ಕದ್ದು ತಂದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ಕೊಡುವಾಗ ಕಿರಿದಾದ ಹಾಗೂ ಕೊಳ್ಳುವಾಗ ಹಿರಿದಾದ ಅಳತೆಯನ್ನು ಬಳಸುವುದು, ಕೃತಕ ವಸ್ತುವನ್ನು ಅಸಲಿಯೆಂದು ಮಾರುವುದು ಎಂಬ ಈ ಐದರಲ್ಲಿ ಮೊದಲನೆಯದನ್ನು ಬಿಟ್ಟರೆ ಉಳಿದವೆಲ್ಲ ನೇರವಾಗಿ ಅಂಗಡಿ, ಸಂತೆಗಳಿಗೆ ಸಂಬಂಧಿಸಿದವು. ತಾನು ಕಳ್ಳನಲ್ಲವೆಂದು ಪ್ರಾಮಾಣಿಕವಾಗಿಯೇ ನಂಬಿರುವ ವರ್ತಕನು ಎಡವುವ ಸ್ಥಳಗಳನ್ನು ಶಾಸ್ತ್ರವು ಹೀಗೆ ಒಂದೊಂದಾಗಿ ಗುರುತಿಸುತ್ತದೆ.

ಕರ್ನಾಟಕದ ಜೈನ ಪರಂಪರೆಯಲ್ಲಿ ಪ್ರಸಿದ್ಧರಾದ ಪೂಜ್ಯಪಾದರು ಈ ಸೂತ್ರಗಳಿಗೆ ಬರೆದ ಸರ್ವಾರ್ಥಸಿದ್ಧಿಯೆಂಬ ವ್ಯಾಖ್ಯಾನದಲ್ಲಿ ಒಂದು ಆಕ್ಷೇಪವನ್ನು ಎತ್ತಿಕೊಳ್ಳುತ್ತಾರೆ: ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಕಳವಾದರೆ, ಯಾರೂ ಕೊಡದ ಬೀದಿಯಲ್ಲಿ ನಡೆದು ಬಾಗಿಲನ್ನು ಪ್ರವೇಶಿಸುವ ಭಿಕ್ಷುವೂ ಕಳ್ಳನಾಗಬೇಕಲ್ಲವೆ? ಬೀದಿ ಎಲ್ಲರಿಗೂ ತೆರೆದಿರುವುದರಿಂದಲೂ, ಪ್ರಮತ್ತಯೋಗ, ಎಂದರೆ ಕ್ರೋಧ, ಲೋಭ ಮೊದಲಾದ ಕಷಾಯಗಳಿಗೆ ವಶವಾದ ಮನೋವಾಕ್ಕಾಯಗಳ ಪ್ರವೃತ್ತಿ, ಅಲ್ಲಿ ಇಲ್ಲದಿರುವುದರಿಂದಲೂ ಅದು ಕಳವಲ್ಲವೆಂಬುದು ಅವರ ಸಮಾಧಾನ. ವಸ್ತು ಕೈಗೆ ಬರಲಿ, ಬಾರದಿರಲಿ, ಮನಸ್ಸು ಕಲುಷಿತವಾಗಿ ಆ ಪ್ರವೃತ್ತಿ ಹುಟ್ಟಿದಲ್ಲಿ ಕಳವು ಉಂಟೆಂದು ಅವರು ನಿರ್ಣಯಿಸುತ್ತಾರೆ. ಈ ನಿರ್ಣಯವನ್ನು ಒಪ್ಪಿದರೆ, ಸಿಕ್ಕಿಬೀಳದ ಮೋಸವು ಮೋಸವೇ ಅಲ್ಲವೆಂಬ ವಾದವೂ, ಪ್ರಾಮಾಣಿಕತೆಯಿಂದ ಲಾಭವಿದೆಯೆಂಬ ಕಾರಣಕ್ಕಷ್ಟೇ ಅದನ್ನು ಪಾಲಿಸಬೇಕೆಂಬ ವಾದವೂ ಒಟ್ಟಿಗೆ ಬಿದ್ದುಹೋಗುತ್ತವೆ.

ಆದರೆ ಈ ವಿಚಾರದ ಕೇಂದ್ರದಲ್ಲಿ ಇರುವುದು ವ್ರತಿಯ ಆತ್ಮಶುದ್ಧಿ. ಮೋಸಹೋದ ಗಿರಾಕಿಯ ನಷ್ಟವನ್ನು ತುಂಬಿಕೊಡುವ ಬಗೆಯನ್ನು ಈ ಸೂತ್ರಗಳು ಹೇಳುವುದಿಲ್ಲ. ತೂಕ, ಅಳತೆಗಳನ್ನು ನಿಯಂತ್ರಿಸುವ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದಂತಹ ಶಾಸನಗಳು ಅಗತ್ಯವಾಗುವುದು ಇಲ್ಲಿ. ಅಧಿಕಾರಿಯು ತಕ್ಕಡಿಯನ್ನು ಪರೀಕ್ಷಿಸಿ ಮುದ್ರೆ ಒತ್ತಬಲ್ಲನಾದರೂ, ದಿನವಿಡೀ ಅದನ್ನು ಹಿಡಿಯುವ ಕೈಯನ್ನು ಕಾಯಲಾರನು. ಆದುದರಿಂದ ಗಿರಾಕಿಗೆ ಕಾನೂನಿನ ರಕ್ಷಣೆ ಬೇಕು. ವರ್ತಕನಿಗೆ ಮಾತ್ರ ಕಾನೂನಿನ ಭಯವೊಂದೇ ಸಾಲದು, ವಂಚನೆಯನ್ನು ಕಳವೆಂದೇ ಕರೆಯುವ ವಿವೇಕವೂ ಬೇಕು.