ಆಯ್ದುಕೊಳ್ಳುವುದಕ್ಕೂ ಮಿತಿಯುಂಟು

ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನವರ ಕಾಯಕವಾಗಿದ್ದಿತು. ಒಂದು ದಿನ ಅವರು ಎಂದಿಗಿಂತ ಹೆಚ್ಚಾಗಿ ತಂದಾಗ, ಧರ್ಮಪತ್ನಿಯಾದ ಲಕ್ಕಮ್ಮನವರು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರೆಂಬುದು ಶರಣಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಆ ಅಕ್ಕಿಯು ಯಾರಿಂದಲೂ ಕಸಿದುದಲ್ಲ, ನೆಲಕ್ಕೆ ಬಿದ್ದುದು. ಆದರೂ ಆ ತಾಯಿಗೆ ಸಲ್ಲಲಿಲ್ಲ. ಅವಶ್ಯಕತೆಯನ್ನು ಮೀರಿ ಕೈಗೆ ಬಂದುದು ಪ್ರಸಾದವಾಗದೆಂಬುದೇ ಅದರ ಮರ್ಮ.

ಈ ಮರ್ಮವನ್ನು ಸಮುದ್ರದ ತಳಕ್ಕೂ ಅನ್ವಯಿಸಿ ನೋಡಬೇಕಾದ ಕಾಲವು ಬಂದಿದೆ. ಪೆಸಿಫಿಕ್ ಮಹಾಸಾಗರದಲ್ಲಿ ಹವಾಯಿ ದ್ವೀಪಗಳಿಗೂ ಮೆಕ್ಸಿಕೊ ದೇಶಕ್ಕೂ ನಡುವೆ, 4,000 ಮೀಟರಿಗೂ ಮಿಕ್ಕ ಆಳದಲ್ಲಿ, ಆಲೂಗಡ್ಡೆಯ ಗಾತ್ರದ ಕಪ್ಪು ಉಂಡೆಗಳು ಹರಡಿಕೊಂಡಿವೆ. ಅವುಗಳಲ್ಲಿ ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ಲೋಹಗಳುಂಟು. ಹಿಂದೂ ಮಹಾಸಾಗರದ ಮಧ್ಯದಲ್ಲಿ ಭಾರತಕ್ಕೂ ಇಂತಹ ಉಂಡೆಗಳ ಶೋಧನೆಗೆ 75,000 ಚದರ ಕಿಲೋಮೀಟರ್ ಕ್ಷೇತ್ರವು ದೊರೆತಿದೆ. ರಾಷ್ಟ್ರಗಳ ಎಲ್ಲೆಯಾಚೆಗಿನ ಈ ಸಂಪತ್ತು ಸಮಸ್ತ ಮಾನವಕುಲದ ಸಾಮಾನ್ಯ ಸ್ವತ್ತೆಂದು 1982ರ ಸಮುದ್ರ ಕಾನೂನಿನ ಒಡಂಬಡಿಕೆಯು ಸಾರಿತು. ಸಾಮಾನ್ಯ ಸ್ವತ್ತೆಂದರೆ ಬಲ್ಲಿದರು ಬಾಚಿಕೊಳ್ಳಬಹುದೆಂದಲ್ಲ. ಇನ್ನು ಹುಟ್ಟಬೇಕಾದವರೂ ಅದರಲ್ಲಿ ಪಾಲುದಾರರೆಂದು ಅರ್ಥ.

ಬಿದ್ದಿರುವುದನ್ನು ಯಂತ್ರದಿಂದ ಆಯ್ದುಕೊಂಡರೆ ಹಾನಿಯೇನೆಂದು ಕೆಲವರು ಕೇಳಬಹುದು. ಅಂಗಳದ ಅಕ್ಕಿಯು ಮರುದಿನ ಮತ್ತೆ ಉದುರೀತು. ಈ ಉಂಡೆಗಳಾದರೋ ಹತ್ತು ಲಕ್ಷ ವರ್ಷಗಳಲ್ಲಿ ಕೆಲವೇ ಮಿಲಿಮೀಟರುಗಳಷ್ಟು ಬೆಳೆಯತಕ್ಕವು. ಸ್ಪಂಜು ಮೊದಲಾದ ಜೀವಿಗಳು ಅವುಗಳನ್ನೇ ಆಸರೆಯಾಗಿ ಹಿಡಿದು ಬಾಳುತ್ತವೆ. ಉಂಡೆಯನ್ನೆತ್ತಿದರೆ ಆ ಜೀವಿಯ ಮನೆಯೂ ಹೋಯಿತು. ಎದ್ದ ಕೆಸರು ಸುತ್ತಲಿನ ಪ್ರಾಣಿಗಳನ್ನು ಮುಚ್ಚುವ ಭಯವೂ ಉಂಟು. 1989ರಲ್ಲಿ ವಿಜ್ಞಾನಿಗಳು ಪರೀಕ್ಷೆಗಾಗಿ ಪೆರು ದೇಶದ ಕಡೆಯ ಸಾಗರತಳವನ್ನು ನೇಗಿಲಿನಂತಹ ಸಾಧನದಿಂದ ಉತ್ತರು. 2015ರಲ್ಲಿ ಮತ್ತೆ ಹೋಗಿ ನೋಡಿದಾಗಲೂ ಆ ಸಾಲುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. 26 ವರ್ಷಗಳಾದರೂ ಗಾಯವು ಮಾಯಲಿಲ್ಲ.

ಹೊಗೆಯುಗುಳದ ವಾಹನಗಳ ಬ್ಯಾಟರಿಗಳಿಗೆ ಈ ಲೋಹಗಳು ಬೇಕೆಂಬ ವಾದವು ತಳ್ಳಿಹಾಕತಕ್ಕದ್ದಲ್ಲ. ಲಕ್ಕಮ್ಮನವರೂ ಅಕ್ಕಿಯೇ ಬೇಡವೆನ್ನಲಿಲ್ಲ, ಅಳತೆಯನ್ನು ಕೇಳಿದರು. ಲೋಹವು ಅನ್ನದಂತೆ ಉಂಡು ಮುಗಿಯುವ ಪದಾರ್ಥವಲ್ಲ; ಕರಗಿಸಿ ಮತ್ತೆ ಬಳಸಬಹುದಾದುದು. ಕೈಯಲ್ಲಿರುವುದನ್ನು ಎಸೆದು, ಕಣ್ಣಿಗೆ ಕಾಣದ ಜೀವಿಗಳ ನೆಲೆಯನ್ನು ಕೆದಕುವುದು ಅವಶ್ಯಕತೆಯೆನಿಸದು. ಅದು ಆಸೆಯೇ ಸರಿ. ದಯೆಯು ಕಣ್ಣೆದುರಿನ ಪ್ರಾಣಿಗಳಿಗಷ್ಟೇ ಮೀಸಲಾದರೆ ಅದು ಅರ್ಧ ದಯೆ.

ಈ ಲೋಹದ ಕೊನೆಯ ಗಿರಾಕಿಯು ಗೃಹಸ್ಥನೇ. ಹಳೆಯದು ಕೆಲಸಕ್ಕೆ ಬರುತ್ತಿರುವಾಗಲೇ ಹೊಸ ಫೋನು, ಹೊಸ ವಾಹನಗಳು ಮನೆಯನ್ನು ಸೇರಹೊರಟಾಗ, “ಇಷ್ಟು ನಮಗೇಕೆ?” ಎಂದು ಹೊಸ್ತಿಲಲ್ಲಿ ತಡೆದು ಕೇಳುವ ಲಕ್ಕಮ್ಮನೊಬ್ಬಳು ಪ್ರತಿ ಮನೆಯಲ್ಲಿಯೂ ಇರಬೇಕು. ಸದ್ಭಕ್ತರು ಸಾಗರದ ತಳಕ್ಕೆ ಸಲ್ಲಿಸಬಹುದಾದ ಸೇವೆಯು ಅಲ್ಲಿಂದಲೇ ಮೊದಲಾಗುತ್ತದೆ.