ಗುಳಿಗೆ ಮತ್ತು ಆಹಾರಶುದ್ಧಿ

ಸಾಧನೆಗೆ ದೇಹ ಬೇಕು, ದೇಹಕ್ಕೆ ಅನ್ನ ಬೇಕು. ಆ ಅನ್ನ ಶುದ್ಧವಾಗಿರಬೇಕೆಂಬುದನ್ನು ನಾವು ಹಿರಿಯರಿಂದ ಕಲಿತಿದ್ದೇವೆ. ಅದು ದೇಹಕ್ಕೆ ಸಾಲುವಂತೆಯೂ ಇರಬೇಕೆಂಬುದನ್ನು ಮರೆಯುತ್ತಿದ್ದೇವೆಯೋ ಎಂಬ ಶಂಕೆ ಮಾತ್ರ ಈಚೆಗೆ ನಮ್ಮನ್ನು ಕಾಡುತ್ತಿದೆ.

ಪವಾಯಿಯಲ್ಲಿ ನಮಗೆ ಪರಿಚಿತವಾದ ಮನೆಯೊಂದರ ಹಿರಿಯ ತಾಯಿಯವರಿಗೆ ಬಹುಕಾಲದಿಂದ ಅಂಗಾಲುರಿ, ಆಯಾಸ, ಮರೆವು. ವಯಸ್ಸಿನ ದೋಷವೆಂದು ಎಲ್ಲರೂ ಸುಮ್ಮನಿದ್ದರು. ರಕ್ತಪರೀಕ್ಷೆ ಮಾಡಿಸಿದಾಗ ಬಿ-12 ಜೀವಸತ್ತ್ವದ ಕೊರತೆಯೆಂದು ತಿಳಿಯಿತು. ವೈದ್ಯರು ಬರೆದುಕೊಟ್ಟ ಕ್ಯಾಪ್ಸೂಲಿನ ಕವಚ, ಪ್ರಾಣಿಗಳ ಮೂಳೆ ಚರ್ಮಗಳಿಂದ ತೆಗೆದ ಜೆಲಟಿನ್ ಎಂದು ಅರಿತೊಡನೆ ಆಕೆ, "ಇಷ್ಟು ವರ್ಷ ಕಾಪಾಡಿಕೊಂಡು ಬಂದ ಆಚಾರವನ್ನು ಕಾಲುರಿಗಾಗಿ ಬಿಡಲೇ?" ಎಂದರು. "ನೀವು ಹಾಸಿಗೆ ಹಿಡಿದ ಮೇಲೆ ಆಚಾರ ನಡೆಯುವುದು ಹೇಗಮ್ಮ?" ಎಂಬುದು ಮಗನ ಪ್ರಶ್ನೆ. ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಆದಕಾರಣವೇ ಇದು ವಿಚಾರಾರ್ಹ.

ಬಿ-12ನ್ನು ಗಿಡಮರಗಳೂ ತಯಾರಿಸಲಾರವು, ಪ್ರಾಣಿಗಳೂ ತಯಾರಿಸಲಾರವು. ಅದನ್ನು ನಿರ್ಮಿಸುವುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ನಮಗೆ ದಿನಕ್ಕೆ ಬೇಕಾದುದು ಸುಮಾರು 2 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಐದು ಲಕ್ಷದಲ್ಲೊಂದು ಪಾಲು. ಸಸ್ಯಾಹಾರಿಗಳಿಗೆ ಅದು ಸಹಜವಾಗಿ ದೊರೆಯುವುದು ಹಾಲು ಮೊಸರುಗಳಿಂದ. ಕಾಫಿಗೆ ಬೆರೆಸಿದ ಎರಡು ಚಮಚ ಹಾಲು, ನೀರಾದ ಮಜ್ಜಿಗೆ, ಇಷ್ಟರಿಂದ ಆ ಅಗತ್ಯ ಪೂರೈಸದು. ವಯಸ್ಸಾದಂತೆ ಹೀರಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ.

ಹಾಗಾದರೆ ಚಾತುರ್ಮಾಸ್ಯದ ವ್ರತಗಳೇ ಇದಕ್ಕೆ ಕಾರಣವೆ? ಅಲ್ಲ. ಯಕೃತ್ತು ಈ ಸತ್ತ್ವವನ್ನು ವರ್ಷಗಟ್ಟಲೆ ಸಂಗ್ರಹಿಸಿಡಬಲ್ಲದು. ಒಂದು ತಿಂಗಳ ತ್ಯಾಗದಿಂದ ಆ ಕಣಜ ಬರಿದಾಗದು. ವ್ರತಗಳ ಕ್ರಮವನ್ನೇ ನೋಡಿರಿ: ಮೊದಲು ಶಾಕ, ಬಳಿಕ ದಧಿ, ಕ್ಷೀರ, ದ್ವಿದಳ. ಮೊಸರು ಬಿಟ್ಟಾಗ ಹಾಲಿದೆ, ಹಾಲು ಬಿಟ್ಟಾಗ ಮೊಸರಿದೆ. ಎಲ್ಲವನ್ನೂ ಒಮ್ಮೆಲೇ ತೊರೆಯಲು ಹೇಳಿಲ್ಲ. ದೋಷ ವ್ರತದ್ದಲ್ಲ, ಉಳಿದ ಎಂಟು ತಿಂಗಳ ನಮ್ಮ ಅಲಕ್ಷ್ಯದ್ದು. ಅತಿಯಾಗಿ ಉಣ್ಣುವವನಿಗೂ ಏನನ್ನೂ ಉಣ್ಣದವನಿಗೂ ಯೋಗ ಸಿದ್ಧಿಸದೆಂದು ಗೀತೆಯ ಆರನೆಯ ಅಧ್ಯಾಯ ಎಚ್ಚರಿಸುತ್ತದೆ.

ಈ ವಿಚಾರದಲ್ಲಿ ಮುಂಬಯಿಗೆ ತನ್ನದೇ ಆದ ಇತಿಹಾಸವಿದೆ. ಇಲ್ಲಿಯ ಬಟ್ಟೆ ಗಿರಣಿಗಳ ಬಡ ಹೆಂಗಸರು ಗರ್ಭಿಣಿಯರಾದಾಗ ತೀವ್ರ ರಕ್ತಹೀನತೆಗೆ ತುತ್ತಾಗುತ್ತಿದ್ದರು. 1928ರಲ್ಲಿ ಬಂದ ಆಂಗ್ಲ ವೈದ್ಯೆ ಲೂಸಿ ವಿಲ್ಸ್, ಅದಕ್ಕೆ ಕಾರಣ ರೋಗಾಣುವಲ್ಲ, ಊಟದ ಕೊರತೆಯೆಂದು ಕಂಡುಕೊಂಡರು. ಯೀಸ್ಟಿನ ಸಾರವನ್ನು ಕೊಟ್ಟಾಗ ಅವರು ಚೇತರಿಸಿಕೊಂಡರು. 1931ರಲ್ಲಿ ಅದು ಪ್ರಕಟವಾಯಿತು. ಆ ಸಾರದಲ್ಲಿದ್ದುದೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು; ನಾವು ನಿತ್ಯ ಬಳಸುವ ಹಸಿರು ಸೊಪ್ಪಿನಲ್ಲಿಯೂ ಅದಿದೆ. ಅಮೆರಿಕದಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡದ ಮುಂದಾಳು ನಮ್ಮವರೇ ಆದ ಯಲ್ಲಾಪ್ರಗಡ ಸುಬ್ಬರಾವ್.

ಆದರೆ ಒಂದು ಗುಳಿಗೆ ಒಳ್ಳೆಯದಾದರೆ ಹತ್ತು ಇನ್ನೂ ಒಳ್ಳೆಯದೆಂಬುದು ಭ್ರಮೆ. ಫೋಲಿಕ್ ಆಮ್ಲವನ್ನೇ ಹೆಚ್ಚಾಗಿ ಸೇವಿಸಿದರೆ ಬಿ-12 ಕೊರತೆಯ ರಕ್ತಹೀನತೆ ಮರೆಯಾಗಬಹುದು, ಒಳಗೆ ನರಗಳ ಹಾನಿ ಮಾತ್ರ ಮುಂದುವರಿಯುತ್ತದೆ. ಎ, ಡಿ ಜೀವಸತ್ತ್ವಗಳು ಮಿತಿಮೀರಿದರೆ ದೇಹದಲ್ಲಿ ಶೇಖರವಾಗಿ ವಿಷವಾಗುತ್ತವೆ. ಜಾಹೀರಾತಿಗೆ ಮರುಳಾಗಿ ಮಕ್ಕಳಿಗೆ ಡಬ್ಬಿಯ ಪುಡಿ ಕಲಸಿಕೊಡುವ ಮೊದಲು ರಾಗಿ ಅಂಬಲಿಯನ್ನೂ ನಿಂಬೆ ಹಿಂಡಿದ ಹೆಸರುಬೇಳೆ ಕೋಸಂಬರಿಯನ್ನೂ ನೆನೆಯೋಣ. ನಿಂಬೆಯ ಹುಳಿ ಕಬ್ಬಿಣಾಂಶವನ್ನು ಹೀರಿಕೊಳ್ಳಲು ನೆರವಾಗುತ್ತದೆ; ಊಟದೊಡನೆ ಕುಡಿದ ಚಹಾ ಅದನ್ನು ತಡೆಯುತ್ತದೆ.

ಹಿರಿಯ ತಾಯಿಯವರ ಸಮಸ್ಯೆಗೆ ಪರಿಹಾರ ಕಷ್ಟವೇನಿರಲಿಲ್ಲ. ಔಷಧಕ್ಕಾಗಿ ಬಿ-12ನ್ನು ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದಲೇ ತಯಾರಿಸುತ್ತಾರೆ. ಆಕ್ಷೇಪವಿದ್ದುದು ಕವಚಕ್ಕೆ ಮಾತ್ರ. ವಿಚಾರಿಸಿದಾಗ ವೈದ್ಯರು ಕವಚವಿಲ್ಲದ ಗುಳಿಗೆಯನ್ನು ಕೊಟ್ಟರು. ಆಚಾರವೂ ಉಳಿಯಿತು, ಚಿಕಿತ್ಸೆಯೂ ಆರಂಭವಾಯಿತು. ಕೇಳದೆ ನುಂಗುವುದೂ ಕೇಳದೆ ನಿರಾಕರಿಸುವುದೂ ಎರಡೂ ಅವಿವೇಕವೇ.

ಆದರೂ ಒಂದು ಮಾತು ನಮ್ಮ ಮನಸ್ಸಿನಲ್ಲಿ ಉಳಿದಿದೆ. ಎಲ್ಲರಿಗೂ ಬಡಿಸಿ, ಪಾತ್ರೆಯ ತಳದಲ್ಲಿ ಉಳಿದುದನ್ನು ಮಜ್ಜಿಗೆಯ ನೀರಿನೊಡನೆ ಉಂಡು ಏಳುವವಳು ಮನೆಯ ಗೃಹಿಣಿ. ಆ ತಾಯಿ ಐವತ್ತು ವರ್ಷ ಹಾಗೆಯೇ ಉಂಡವರು. ಅದನ್ನು ನಾವು ತ್ಯಾಗವೆಂದು ಕೊಂಡಾಡಿದೆವೇ ಹೊರತು ಆಕೆಯ ಎಲೆಯನ್ನು ಒಮ್ಮೆಯೂ ನೋಡಲಿಲ್ಲ. ತಾನಾಗಿ ಕೈಗೊಂಡದ್ದು ವ್ರತ. ಇನ್ನೊಬ್ಬರ ಅಲಕ್ಷ್ಯದಿಂದ ಒದಗಿದ್ದು ಉಪವಾಸವಷ್ಟೇ. ಇಂದಿನ ರಾತ್ರಿ ಮೊಸರಿನ ಬಟ್ಟಲನ್ನು ಮೊದಲು ಆಕೆಯ ಮುಂದಿರಿಸೋಣ. ಕುಟುಂಬದ ಆರೋಗ್ಯ ಆರಂಭವಾಗಬೇಕಾದುದು ಅಲ್ಲಿಂದ.

ಶ್ರೀಕೃಷ್ಣಾರ್ಪಣಮಸ್ತು.